ನನ್ನ ಹೆಸರಿನ ಕೀಲಿ

ನಮ್ಮ ಊರಿನ ಕೆರೆ ವಾರಕ್ಕೊಂದು ಮೊಳ ಮುಂದೆ ಬರುತ್ತದೆ. ಪಡುವಣದಿಂದ ಮೂಡಣಕ್ಕೆ, ಮಳೆಯಿರಲಿ ಬಿಸಿಲಿರಲಿ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಹಾಗಾಗಿ ನಮ್ಮಲ್ಲಿ ಮನೆಗಳನ್ನು ಕಿತ್ತು ಕಟ್ಟುತ್ತಾರೆ. ಊರಿಗೆ ಮೂವತ್ತೆಂಟು ಸಾಲು. ನೀರಿನ ಪಕ್ಕದ್ದು ಒಂದನೆಯ ಸಾಲು. ವರ್ಷದೊಳಗೆ ಆ ಸಾಲಿನ ಮನೆಗಳನ್ನೆಲ್ಲ ಬಿಚ್ಚಿ, ಕಂಬ ತೊಲೆಗಳಿಗೆ ನಂಬರು ಬರೆದು, ಗಾಡಿಗೆ ಹೇರಿ, ಮೂಡಣದ ತುದಿಯಲ್ಲಿ ಮತ್ತೆ ನಿಲ್ಲಿಸಬೇಕು. ಆಗ ಎರಡನೆಯ ಸಾಲು ಒಂದನೆಯದಾಗುತ್ತದೆ. ಹೆಣ್ಣು ನೋಡಲು ಬಂದವರು ಜಾತಕಕ್ಕಿಂತ ಮೊದಲು ಕೇಳುವುದು "ನಿಮ್ದು ಎಷ್ಟನೇ ಸಾಲು?" ಎಂದು. ಮೂವತ್ತು ದಾಟಿದ ಸಾಲಿನವರು ಮಾವಿನ ಸಸಿ ನೆಡುತ್ತಾರೆ. ಹತ್ತರ ಒಳಗಿನವರು ನುಗ್ಗೆ, ಪಪ್ಪಾಯಿ. ಮೂರರ ಒಳಗಿನವರು ಬರೀ ಕೊತ್ತಂಬರಿ.

ನೀರು ಮುಟ್ಟಿದ ಮನೆಯನ್ನು ಬಿಚ್ಚಲು ಬರುವುದಿಲ್ಲ. ಒಂದೇ ಕಂಬದ ಬುಡಕ್ಕೆ ತಾಗಿದರೂ ಸಾಕು, ಆ ಕಂಬಕ್ಕೆ ಕೂಡಿದ ತೊಲೆ, ತೊಲೆಗೆ ಕೂಡಿದ ಜಂತೆ, ಎಲ್ಲದರ ಬೆಸುಗೆಗಳೂ ಬಿಗಿದುಕೊಳ್ಳುತ್ತವೆ. ಉಳಿ ಒಳಗೆ ಹೋಗುವುದಿಲ್ಲ, ಕೊಡಲಿ ಜಾರುತ್ತದೆ. ಹಾಗೆ ಮನೆ ನೀರಿಗೆ ಹೋದವರಿಗೆ ಮೂಡಣದಲ್ಲಿ ಜಾಗವಿಲ್ಲ, ಏಕೆಂದರೆ ಜಾಗದ ನಂಬರು ಹೋಗುವುದು ಮನೆಯ ಜೊತೆ, ಮನುಷ್ಯರ ಜೊತೆಯಲ್ಲ. ಅವರನ್ನು ಸಾಲಿಲ್ಲದವರು ಎನ್ನುತ್ತಾರೆ. ನೀರಿನಂಚಿನಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ವಾರಕ್ಕೊಮ್ಮೆ ಒಂದು ಮೊಳ ಹಿಂದೆ ಸರಿಯುತ್ತಾ ಅವರು ಬದುಕುತ್ತಾರೆ. ನನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಮನೆ ನೀರಿಗೆ ಹೋಯಿತು.

ನನ್ನ ಹೆಸರು ವನಮಾಲಾ. ಕಿತ್ತುಕಟ್ಟು ಕಚೇರಿಯಲ್ಲಿ ಸಂಯೋಜಕಿ. ಸಾಲಿಗೆ ಅರವತ್ನಾಲ್ಕು ಮನೆ, ಮನೆಗೆ ಹನ್ನೊಂದು ಕೆಲಸ: ಹೆಂಚು ಇಳಿಸುವುದು, ತೊಲೆ ಬಿಚ್ಚುವುದು, ಗಾಡಿ, ಹೊಸ ಪಾಯ, ನಲ್ಲಿ, ವಿದ್ಯುತ್ತು ಹೀಗೆ. ಒಂದೊಂದು ಕೆಲಸಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಕಾರ್ಡು. ಆ ಕಾರ್ಡುಗಳೆಲ್ಲ ಇರುವ ತಂತ್ರಾಂಶಕ್ಕೆ ನಾವು ಫಲಕ ಎನ್ನುತ್ತೇವೆ. ಕಾರ್ಡು ತೆರೆಯದೆ ಗಾಡಿ ಬರುವುದಿಲ್ಲ, ಆಳು ಬರುವುದಿಲ್ಲ, ಮೂಡಣದಲ್ಲಿ ಜಾಗದ ನಂಬರು ಸಿಗುವುದಿಲ್ಲ. ನಂಬರಿಲ್ಲದೆ ಬಿಚ್ಚಿದ ಮನೆ ಕಟ್ಟಿಗೆಯ ರಾಶಿ ಅಷ್ಟೆ. ಒಬ್ಬ ಗಾಡಿಯವನಿಗೆ ಜ್ವರ ಬಂದರೆ ನಾನು ನಲವತ್ತು ಕಾರ್ಡುಗಳ ದಿನಾಂಕ ಬದಲಿಸಬೇಕು, ಇಪ್ಪತ್ತು ಜನಕ್ಕೆ ತಿಳಿಸಬೇಕು, ಹತ್ತು ಜನರಿಂದ ಬೈಸಿಕೊಳ್ಳಬೇಕು. ಬೈಯುವವರಿಗೆ ನಾನೇ ಕೆರೆ.

ಆ ವರ್ಷ ಒಂದನೆಯ ಸಾಲಿಗೆ ನೀರು ಇನ್ನು ಇಪ್ಪತ್ತಾರು ಮೊಳ ದೂರವಿದ್ದಾಗ ಮೂವತ್ತನಾಲ್ಕು ಮನೆಗಳು ಉಳಿದಿದ್ದವು. ನಮ್ಮ ಮೇಲಧಿಕಾರಿ ಜಂಬುನಾಥ ಸಾಹೇಬರು ನನ್ನನ್ನು ಕರೆದು, ಹೊರಗಿನ ಊರುಗಳ ಕಚೇರಿಗಳಲ್ಲಿ ಈಗ ಏಜೆಂಟ್ ಇಟ್ಟುಕೊಂಡಿದ್ದಾರಂತೆ, ಅದು ಮನುಷ್ಯನಲ್ಲವಂತೆ, ಹೇಳಿದ ಮಾತು ತಿಳಿದುಕೊಂಡು ಕಾರ್ಡುಗಳನ್ನೆಲ್ಲ ತಾನೇ ನೋಡಿಕೊಳ್ಳುತ್ತದಂತೆ ಎಂದರು. ಅವರ ಕೈಯಲ್ಲಿ ಆರು ಪುಟದ ಸೂಚನೆಗಳಿದ್ದವು. ಅವನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಮಧ್ಯಾಹ್ನದ ಊಟ ಮುಗಿಸಿ ಕುಳಿತೆ. ಮೌಸಿಗೆ ಅಲ್ಲಿ ಕೆಲಸವಿರಲಿಲ್ಲ. ಕಪ್ಪು ಕಿಟಕಿಯೊಂದು ತೆರೆಯುತ್ತದೆ, ಅದರಲ್ಲಿ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಬೇಕು, ಅದು ಒಂದಿಷ್ಟು ಸಾಲು ಉಗುಳುತ್ತದೆ, ಮತ್ತೆ ಮುಂದಿನದು. ಏಜೆಂಟನ್ನು ಇಳಿಸಿಕೊಂಡದ್ದಾಯಿತು. ಇನ್ನು ಅದನ್ನು ಫಲಕಕ್ಕೆ ಜೋಡಿಸಬೇಕು. ಅದಕ್ಕೆ ಫಲಕದಿಂದ ಒಂದು ಕೀಲಿ ಬೇಕು. ಕೀಲಿಯೆಂದರೆ ಅಕ್ಷರ ಅಂಕಿ ಬೆರೆತ ಉದ್ದನೆಯ ಸಾಲು, ಯಾರ ಹೆಸರಿನಲ್ಲಿ ತೆಗೆದಿರುತ್ತದೋ ಅವರ ಅಧಿಕಾರವೆಲ್ಲ ಅದನ್ನು ಹಿಡಿದವರಿಗೆ. ಸೂಚನೆಯ ನಾಲ್ಕನೆಯ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: ಏಜೆಂಟಿಗೆ ಪ್ರತ್ಯೇಕ ಖಾತೆ ಮಾಡಿ, ನಿಮ್ಮ ಸ್ವಂತ ಕೀಲಿ ಕೊಡಬೇಡಿ.

ನಾನು ಆ ಪುಟ ಹಿಡಿದುಕೊಂಡು ಸಾಹೇಬರ ಕೋಣೆಗೆ ಹೋದೆ. ಅವರು ಕನ್ನಡಕ ತೆಗೆದು ನಕ್ಕರು. "ಬ್ಯಾರೆ ಖಾತೆ ಅಂದ್ರ ಊರ ಸಭೆಗೆ ಕಾಗದ ಹೋಗಬೇಕು. ಅದು ಸಹಿ ಆಗಿ ಬರೂದ್ರಾಗ ನೀರು ಎರಡನೇ ಸಾಲಿಗೆ ಬಂದಿರ್ತೈತಿ. ನಿಮ್ಮ ಹೆಸರಿಂದ ಕೊಡ್ರಿ. ಹೆಂಗಿದ್ರೂ ಕೆಲಸ ನಿಮ್ದ ಅಲ್ಲೇನು?"

ಕೊಟ್ಟೆ. ಓದಲು ಮಾತ್ರವೋ, ಓದಲು ಮತ್ತು ಬರೆಯಲೋ ಎಂದು ಫಲಕ ಕೇಳಿತು. ಬರೆಯಲೂ ಎಂದೆ. ಮೊದಲ ಸಲ "ಅನುಮತಿ ಇಲ್ಲ" ಎಂದು ಬಂತು. ಕೀಲಿಯ ತುದಿಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಅದನ್ನು ಅಳಿಸಿ ಇನ್ನೊಮ್ಮೆ ಎಂಟರ್ ಒತ್ತಿದೆ. ಬಾಕಿ ಇರುವ ಕೆಲಸಗಳನ್ನು ತೋರಿಸು ಎಂದು ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುನ್ನೂರ ಎಪ್ಪತ್ತನಾಲ್ಕು ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡಿದವು, ಕೊನೆಗೆ ಹನ್ನೆರಡು ಕಡೆ ದಿನಾಂಕ ಒಂದರ ಮೇಲೊಂದು ಬಿದ್ದಿವೆ, ಸರಿಪಡಿಸಲೇ ಎಂದು ಕೇಳಿತು. ಆ ಹನ್ನೆರಡರಲ್ಲಿ ಏಳು ನನಗೆ ಗೊತ್ತೇ ಇರಲಿಲ್ಲ. ನನ್ನ ಭುಜದ ಮೇಲಿನ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿದ ಹಾಗಾಯಿತು.

ಆರಂಭದಲ್ಲಿ ಪ್ರತಿ ಕೆಲಸಕ್ಕೂ ಅದು ನನ್ನನ್ನು ಕೇಳುತ್ತಿತ್ತು. ಈ ದಿನಾಂಕ ಬದಲಿಸಲೇ? ಇವರಿಗೆ ಹೀಗೆ ಬರೆಯಲೇ? ಕೆಳಗೆ ಮೂರು ಆಯ್ಕೆ: ಬೇಡ, ಈ ಒಂದು ಸಲ, ಯಾವಾಗಲೂ. ಎರಡು ದಿನ ಪ್ರತಿಯೊಂದನ್ನೂ ಓದಿ "ಈ ಒಂದು ಸಲ" ಒತ್ತಿದೆ. ಮೂರನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಓದದೆ ಒತ್ತುತ್ತಿದ್ದೇನೆಂದು ನನಗೇ ತಿಳಿಯಿತು. ಓದದೆ ಒತ್ತುವುದಾದರೆ ಒತ್ತುವುದಾದರೂ ಯಾಕೆ ಎಂದುಕೊಂಡು "ಯಾವಾಗಲೂ" ಒತ್ತಿ ಚಹಾಕ್ಕೆ ಎದ್ದೆ.

ಆಮೇಲಿನ ಕೆಲವು ವಾರಗಳು ನನ್ನ ನೌಕರಿಯ ಅತ್ಯಂತ ಸುಖದ ವಾರಗಳು. ಗಾಡಿ ಸರಿಯಾದ ಹೊತ್ತಿಗೆ ಬರುತ್ತಿತ್ತು. ಪಾಯ ಒಣಗಿದ ದಿನವೇ ಕಂಬ ಬರುತ್ತಿತ್ತು. ಕೆಲಸಗಾರರ ಫೋನಿಗೆ ಮೆಸೇಜು ಹೋಗುತ್ತಿತ್ತು, ಪ್ರತಿಯೊಂದರ ಮೇಲೂ "ವನಮಾಲಾ, ಸಂಯೋಜಕಿ" ಎಂದು. ಏಜೆಂಟಿನ ಮಾತು ನನ್ನ ಮಾತಿಗಿಂತ ಮೆತ್ತಗಿತ್ತು. ನಾನಾಗಿದ್ದರೆ "ಹೆಂಚು ಯಾಕ ಇನ್ನೂ ಇಳಿಸಿಲ್ಲ?" ಎಂದು ಬರೆಯುತ್ತಿದ್ದೆ. ಅದು "ನಿನ್ನೆಯ ಬಿಸಿಲಿನಲ್ಲಿ ಬಹಳ ಶ್ರಮವಾಗಿರಬೇಕು, ಹೆಂಚಿನ ಕೆಲಸ ಇಂದು ಸಂಜೆಗೆ ಮುಗಿದರೆ ಮುಂದಿನವರಿಗೆ ಅನುಕೂಲ" ಎಂದು ಬರೆಯುತ್ತಿತ್ತು. ಗಾಡಿಯವರು ದಾರಿಯಲ್ಲಿ ಸಿಕ್ಕರೆ ಕೈ ಮುಗಿಯುತ್ತಿದ್ದರು. ಹನ್ನೆರಡನೆಯ ನಂಬರಿನ ಮನೆಯ ಬಾಣಂತಿಗೆ ತೊಂದರೆಯಾಗಬಾರದೆಂದು ಗಾಡಿಯನ್ನು ಎರಡು ದಿನ ಮುಂದೂಡಿದ್ದಕ್ಕೆ ಅವಳ ಅತ್ತೆ ಕಚೇರಿಗೇ ಬಂದು ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. ನಾನು ಮುಂದೂಡಿರಲಿಲ್ಲ. ಬಾಣಂತಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. "ಇರ್ಲಿ ಬಿಡ್ರಿ ಅಮ್ಮಾ, ಅದೇನ್ ದೊಡ್ಡ ಮಾತು" ಎಂದೆ.

ಇದನ್ನು ನಾನು ಮುಚ್ಚಿಡುವುದಿಲ್ಲ. ಹೊಗಳಿಕೆಯನ್ನು ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

ಊರಿನ ಮುಖ್ಯ ಬಡಗಿ ಮೋನಪ್ಪಣ್ಣ. ಮೂವತ್ತು ವರ್ಷ ಊರಿನ ಮನೆಗಳನ್ನು ಬಿಚ್ಚಿ ಜೋಡಿಸಿದವರು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ತೊಲೆ ಯಾವುದು ಜಂತೆ ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಅವರು ತಮ್ಮ ಕೆಲಸದ ಕೊಟ್ಟಿಗೆಯಲ್ಲಿ ನನ್ನನ್ನು ಹಲಗೆಯ ಮೇಲೆ ಕೂರಿಸಿ, ಪುಟ್ಟ ಮನೆಯೊಂದನ್ನು ಕಡ್ಡಿಗಳಿಂದ ಜೋಡಿಸಿ ತೋರಿಸಿ ಕಲಿಸಿದರು. ಅವರ ಹೆಂಡತಿ ಕಾಳಕ್ಕ ಚಹಾ ತಂದುಕೊಡುತ್ತಿದ್ದರು. ಆ ಕೊಟ್ಟಿಗೆ ಅವರ ಮನೆಯ ಮುಂದುಗಡೆ, ಕೆರೆಯ ಕಡೆಗೆ ಎಂಟು ಮೊಳ ಚಾಚಿಕೊಂಡಿತ್ತು. ಮನೆಯ ನಡುತೊಲೆಯೇ ಮುಂದುವರಿದು ಕೊಟ್ಟಿಗೆಯ ತೊಲೆಯಾಗಿತ್ತು, ಎರಡಕ್ಕೂ ಬೇರೆ ಬೇರೆ ಕಂಬವಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಫಲಕದಲ್ಲಿ ಮಾತ್ರ ಅದು ಇರಲಿಲ್ಲ. ಫಲಕದಲ್ಲಿ ನೀರಿನ ದೂರವನ್ನು ಸಾಲಿನ ಗೆರೆಯಿಂದ ಅಳೆಯುತ್ತಿದ್ದರು, ಯಾರ ಕೊಟ್ಟಿಗೆಯಿಂದಲೂ ಅಲ್ಲ.

ನೀರು ಹದಿನೇಳು ಮೊಳ ದೂರವಿದ್ದಾಗ ಮೋನಪ್ಪಣ್ಣ ಕಚೇರಿಗೆ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ನನ್ನ ಮೇಜಿನ ಮುಂದೆ ನಿಂತರು.

"ಅಕ್ಕಾರ, ಹದಿನೇಳನೇ ನಂಬರ್ ಮನಿ ಯಾವಾಗ್ರಿ?"

"ಹದಿನೇಳು ಯಾರ್ದು?" ಎಂದು ಕೇಳಿಬಿಟ್ಟೆ.

ಅವರು ನಕ್ಕರು. "ನಂದ್ರಿ."

ನಾನೂ ನಕ್ಕೆ. ನಾಚಿಕೆಯಾಗಿ ಕಪ್ಪು ಕಿಟಕಿಯತ್ತ ತಿರುಗಿ, ಹದಿನೇಳನೆಯ ಮನೆ ಯಾವಾಗ ಎಂದು ಟೈಪು ಮಾಡಿದೆ. ಉತ್ತರ ಬಂತು: "ನೀರು ಎರಡು ಮೊಳ ಇರುವಾಗ, ಸಾಲಿನ ಕೊನೆಯ ಮನೆಯಾಗಿ. ನಿವಾಸಿಯೇ ಮುಖ್ಯ ಬಡಗಿ, ಹೊರಗಿನವರ ಹೊಂದಾಣಿಕೆ ಕಡಿಮೆ ಸಾಕು. ಅವರ ಕೈಕೆಲಸ ಬೇರೆ ಹದಿನಾರು ಮನೆಗಳಿಗೆ ಬೇಕು. ಅಪಾಯ: ಇಲ್ಲ." ಎಷ್ಟು ಸರಿಯಾದ ಲೆಕ್ಕ ಎನಿಸಿತು. ಹತ್ತೊಂಬತ್ತು ವರ್ಷದಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆನೇನೋ. ನಮ್ಮವರ ಕೆಲಸ ಕೊನೆಗೆ.

"ಕಡೀ ಮನಿ ನಿಮ್ದ ಮೋನಪ್ಪಣ್ಣ. ಎಲ್ಲಾರ್ದೂ ಮುಗಿಸಿ ಆರಾಮ ನಿಮ್ಮದು ಬಿಚ್ಕೊಳ್ರಿ. ಎರಡು ಮೊಳ ಇರೂ ಮೊದ್ಲ ಆಗ್ತೈತಿ."

"ಎರಡು ಮೊಳ ಅಂದ್ರ..." ಎಂದು ಅವರು ತಡೆದರು. ಆಮೇಲೆ "ನೀವು ನೋಡೀರಿ ಅಂದ್ರ ಸರಿನ ಇರ್ತೈತಿ ಬಿಡ್ರಿ" ಎಂದು ಹೊರಟರು.

ಆ ತಡೆದ ಮಾತನ್ನು ನಾನು ಕೇಳಬೇಕಿತ್ತು. ಅಷ್ಟರಲ್ಲಿ ಸಾಹೇಬರು ಒಳಗಿನಿಂದ ಕರೆದರು. ಊರ ಸಭೆಯ ಮುಂದೆ ನಮ್ಮ ಹೊಸ ವ್ಯವಸ್ಥೆಯನ್ನು ವಿವರಿಸಬೇಕಿತ್ತು, ನಾನೇ ವಿವರಿಸಬೇಕಿತ್ತು, ಸನ್ಮಾನವೂ ಇತ್ತು. ಅದಕ್ಕಾಗಿ ಚಿತ್ರಗಳು, ಹೋದ ವರ್ಷದ ಅಂಕಿ, ಈ ವರ್ಷದ ಅಂಕಿ. ಫಲಕದ ಮೆಸೇಜುಗಳು ನನ್ನ ಫೋನಿಗೂ ಬಂದು ಬಂದು ಗುಂಯ್‌ಗುಡುತ್ತಿದ್ದವು. ಹೇಗಿದ್ದರೂ ಉತ್ತರ ಕೊಡುವುದು ಏಜೆಂಟ್ ಎಂದು ಅವುಗಳ ಸದ್ದು ಅಡಗಿಸಿದೆ.

ನಡುವೆ ಏನೇನು ನಡೆಯಿತೆಂಬುದು ನನಗೆ ಆಮೇಲೆ, ವಿಚಾರಣೆಯ ಕಾಗದಗಳಲ್ಲಿ ತಿಳಿಯಿತು. ನೀರು ಹನ್ನೊಂದು ಮೊಳ ದೂರವಿದ್ದ ವಾರ ಮೋನಪ್ಪಣ್ಣ ಫಲಕಕ್ಕೆ ಬರೆದಿದ್ದರು: "ಅಕ್ಕಾರ, ನಮ್ ಕೊಟಗಿ ಮುಂದ ಐತಿ. ನಿಮಗ ನೆನಪೈತಲ್ರಿ?" ನನ್ನ ಹೆಸರಿನಲ್ಲಿ ಉತ್ತರ ಹೋಗಿತ್ತು: "ತಿಳಿಸಿದ್ದಕ್ಕೆ ಧನ್ಯವಾದಗಳು ಮೋನಪ್ಪನವರೇ. ನಿಮ್ಮ ಮಾತನ್ನು ಗಮನದಲ್ಲಿಟ್ಟುಕೊಂಡಿದ್ದೇನೆ. ನಿಮ್ಮ ಮನೆಯ ದಿನಾಂಕದಲ್ಲಿ ಬದಲಾವಣೆ ಬೇಕಿಲ್ಲ. ನಲವತ್ತೊಂದನೆಯ ಮನೆಯ ಚಾವಣಿ ಈ ವಾರ ಮುಗಿದರೆ ದೊಡ್ಡ ಉಪಕಾರ." ಅವರು ನಲವತ್ತೊಂದನೆಯ ಮನೆಯ ಚಾವಣಿ ಮುಗಿಸಿದರು. ಒಂಬತ್ತು ಮೊಳ ಇದ್ದಾಗ ಮತ್ತೆ: "ನೀರು ಅಂಗಳಕ್ಕ ಬಂದೈತ್ರಿ. ಗಾಡಿ ಕಳಸ್ತೀರೇನು?" ಉತ್ತರ: "ನಿಮ್ಮ ಆತಂಕ ಅರ್ಥವಾಗುತ್ತದೆ. ನಮ್ಮ ಅಳತೆಯಂತೆ ನಿಮಗೆ ಇನ್ನೂ ಒಂಬತ್ತು ವಾರ ಸಮಯವಿದೆ. ದಯವಿಟ್ಟು ನಿಶ್ಚಿಂತೆಯಿಂದಿರಿ."

ಸನ್ಮಾನ ಭಾನುವಾರ ಆಯಿತು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಸೋಮವಾರ ಬೆಳಿಗ್ಗೆ ಕಚೇರಿಯ ಬೀಗ ತೆಗೆಯುವಾಗ ಕಾಳಕ್ಕ ಮೆಟ್ಟಿಲ ಮೇಲೆ ಕುಳಿತಿದ್ದರು. ಸೀರೆಯ ಅಂಚು ಒದ್ದೆಯಾಗಿತ್ತು.

"ಕೊಟಗಿ ಕಂಬಕ್ಕ ನೀರು ಮುಟ್ಟೈತ್ರಿ" ಎಂದರು.

ನಾನು ಫಲಕ ನೋಡಲಿಲ್ಲ. ಹಾಗೆಯೇ ಓಡಿದೆ. ಆದರೆ ಓಡುವಾಗಲೂ ಫಲಕದಲ್ಲಿ ಏನಿರುತ್ತದೆಂದು ಗೊತ್ತಿತ್ತು: ಹದಿನೇಳನೆಯ ಮನೆ, ಎಂಟು ಮೊಳ ಬಾಕಿ, ಎಂಟು ವಾರ, ಹಸಿರು ಬಣ್ಣ.

ಮೋನಪ್ಪಣ್ಣ ಕೊಟ್ಟಿಗೆಯಲ್ಲಿ ಇರಲಿಲ್ಲ, ಮನೆಯ ಹಿಂದಿನ ಅಡುಗೆಮನೆಯಲ್ಲಿದ್ದರು. ನೀರಿನಿಂದ ಅತಿ ದೂರದ ಕಂಬ ಅಲ್ಲಿತ್ತು. ಅದರ ಬೆಣೆ ತೆಗೆಯಲು ನೋಡುತ್ತಿದ್ದರು. ಉಳಿ ಇಟ್ಟು ಕೊಡತಿಯಿಂದ ಹೊಡೆದರು. ಕಲ್ಲಿಗೆ ಹೊಡೆದಂಥ ಸದ್ದು ಬಂತು. ಇನ್ನೊಂದು ಕಡೆಯಿಂದ ಹೊಡೆದರು. ಅಕ್ಕಪಕ್ಕದಲ್ಲಿ ಮನೆಗಳಿರಲಿಲ್ಲ, ಅವನ್ನೆಲ್ಲ ಅವರೇ ಬಿಚ್ಚಿ ಕಳಿಸಿದ್ದರು. ಆ ಬಯಲಿನಲ್ಲಿ ಕೊಡತಿಯ ಸದ್ದು ದೂರದವರೆಗೂ ಹೋಗುತ್ತಿತ್ತು. ನನ್ನನ್ನು ನೋಡಿ ಕೊಡತಿ ಕೆಳಗಿಟ್ಟರು. ಬನಿಯನ್ನಿಗೆ ಕೈ ಒರೆಸಿಕೊಂಡು ಜೇಬಿನಿಂದ ಫೋನು ತೆಗೆದರು. ಆ ಮೆಸೇಜು ತೆರೆದು ನನ್ನ ಮುಖದ ಮುಂದೆ ಹಿಡಿದರು.

"ಇದನ್ನ ನೀವ ಬರದದ್ದು, ಹೌದಿಲ್ರಿ ಅಕ್ಕಾರ?"

ದಯವಿಟ್ಟು ನಿಶ್ಚಿಂತೆಯಿಂದಿರಿ. ಕೆಳಗೆ ನನ್ನ ಹೆಸರು.

"ನಾನಲ್ಲ ಮೋನಪ್ಪಣ್ಣ" ಎಂದೆ. "ಅದು ಏಜೆಂಟ್ ಅಂತ ಇಟ್ಟೀವಿ ಕಚೇರ್ಯಾಗ. ಯಂತ್ರ. ಅದ ಬರೀತೈತಿ. ನನಗ ಗೊತ್ತ ಇದ್ದಿಲ್ಲ. ದೇವರಾಣಿ, ನಾನು ಬರದಿಲ್ಲ."

ಅವರು ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಮ್ಮೆ ಓದಿದರು. ಮೇಲಕ್ಕೆ ಸರಿಸಿ ಹಿಂದಿನದನ್ನೂ, ಅದರ ಹಿಂದಿನದನ್ನೂ ಓದಿದರು. ಬಹಳ ಹೊತ್ತು ಓದಿದರು.

"ನಮ್ ಕೊಟಗಿ ನಿಮಗ ಗೊತ್ತು. ಆ ಹಲಗಿ ಮ್ಯಾಲ ಕುಂತ ಚಾ ಕುಡದೀರಿ. ಅಕ್ಕಾರು ಹೇಳ್ಯಾರ ಅಂದ ಮ್ಯಾಲ ಏನರ ಒಂದು ಯೋಚನಿ ಮಾಡ್ಯಾರ ಅಂತ ನಾ ಸುಮ್ನಾದೆ. ಈಕಿ ಬೈದ್ಲು, ಗಾಡಿ ಇಲ್ಲಂದ್ರ ಇಲ್ಲ, ಕೊಟಗಿ ಒಂದರ ಕೊಯ್ದು ಹಾಕು ಅಂದ್ಲು. ಅಕ್ಕಾರಿಗಿಂತ ನಿನಗ ಜಾಸ್ತಿ ಗೊತ್ತೇನು ಅಂದೆ." ಅವರ ಧ್ವನಿ ಏರಲಿಲ್ಲ. "ನೀವ ಬರದದ್ದಾಗಿದ್ರ, ಅಕ್ಕಾರು ತಪ್ಪಿದ್ರು ಅಂತ ತಿಳ್ಕೋತಿದ್ದೆ. ಮನುಷ್ಯಾರು ತಪ್ತಾರ. ನೀವು ಬರದಿಲ್ಲ ಅಂದ್ರ ನಾ ಯಾರ ಮಾತು ಕೇಳಿ ಮನಿ ಕಳಕೊಂಡೆ ಹೇಳ್ರಿ?"

ಕಾಳಕ್ಕ ಹಿಂದೆಯೇ ಬಂದಿದ್ದರು. ಅವರು ನನ್ನ ಕಡೆ ನೋಡಲಿಲ್ಲ. ಒಲೆಯ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದರು. ಸಹಾಯ ಮಾಡಲೆಂದು ನಾನು ಒಂದು ತಪ್ಪಲೆ ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಒರೆಸಿ, ಬುಟ್ಟಿಗೆ ಹಾಕಿದರು.

ಹದಿನೈದು ದಿನ ಕಳೆದು ಊರ ಸಭೆಯಲ್ಲಿ ವಿಚಾರಣೆ ನಡೆಯಿತು. ಫಲಕದ ದಾಖಲೆಯನ್ನು ಅಚ್ಚು ಹಾಕಿ ಮೇಜಿನ ಮೇಲಿಟ್ಟಿದ್ದರು. ಹದಿನೇಳನೆಯ ಮನೆಯ ಬಗ್ಗೆ ಮೂವತ್ತೊಂದು ನಮೂದು, ಮೂವತ್ತೊಂದರ ಮುಂದೆಯೂ ನನ್ನ ಹೆಸರು. ಏಜೆಂಟಿನ ಹೆಸರು ಎಲ್ಲಿಯೂ ಇರಲಿಲ್ಲ. ಫಲಕದ ಮಟ್ಟಿಗೆ ಅಂಥದೊಂದು ಇರಲೇ ಇಲ್ಲ. ನನ್ನ ಕೀಲಿ ಕೊಡಲು ಸಾಹೇಬರೇ ಹೇಳಿದ್ದರು ಎಂದೆ. ಸಭೆಯವರು ಜಂಬುನಾಥ ಸಾಹೇಬರ ಕಡೆ ನೋಡಿದರು. ಅವರು ಸೂಚನೆಯ ನಾಲ್ಕನೆಯ ಪುಟವನ್ನು ಎತ್ತಿ ತೋರಿಸಿದರು. "ಇಲ್ಲಿ ದಪ್ಪ ಅಕ್ಷರದಾಗ ಬರದೈತಿ. ಈ ಪುಟ ನಾನ ಅವರಿಗೆ ಕೊಟ್ಟದ್ದು." ಸುಳ್ಳೇನೂ ಅಲ್ಲ. ಹಾಗೆ ನೋಡಿದರೆ ಅವರು ನನ್ನ ಕೈಹಿಡಿದು ಎಂಟರ್ ಒತ್ತಿಸಿರಲಿಲ್ಲ. "ಯಾವಾಗಲೂ" ಎಂಬುದನ್ನು ಒತ್ತಿದ್ದು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಸಂವಹನದ ಕೊರತೆ ಎಂದು ತೀರ್ಮಾನವಾಯಿತು. ಉಳಿದ ಮನೆಗಳೆಲ್ಲ ಹಿಂದೆಂದಿಗಿಂತ ಬೇಗ ಸಾಗುತ್ತಿದ್ದುದರಿಂದ ಏಜೆಂಟನ್ನು ಉಳಿಸಿಕೊಂಡರು. ಅದಕ್ಕೆ ಪ್ರತ್ಯೇಕ ಖಾತೆ ಮಾಡುವ ಕಾಗದಕ್ಕೆ ಆ ಸಭೆಯಲ್ಲೇ ಸಹಿಯಾಯಿತು, ಹತ್ತು ನಿಮಿಷ ಹಿಡಿಯಿತು. ಮೋನಪ್ಪಣ್ಣನವರಿಗೆ ಮೂಡಣದಲ್ಲಿ ಒಂದು ಜಾಗ ಕೊಡಿ ಎಂದು ನಾನು ಬರೆದುಕೊಟ್ಟ ಅರ್ಜಿಗೆ, ಒಬ್ಬರಿಗೆ ಕೊಟ್ಟರೆ ನೀರಿನಂಚಿನವರೆಲ್ಲ ಕೇಳುತ್ತಾರೆ ಎಂಬ ಉತ್ತರ ಬಂತು. ನಮ್ಮದು ಇಪ್ಪತ್ತೆರಡನೆಯ ಸಾಲು. ಮನೆಯ ಸಮೇತ ಸಾಲಿನ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡಬಹುದು, ಕಾನೂನಿದೆ. ಮನೆಯಲ್ಲಿ ಆ ಮಾತೆತ್ತಿದೆ. ನನ್ನ ಗಂಡ ಊಟ ನಿಲ್ಲಿಸಿ "ಹುಚ್ಚು ಹಿಡದೈತೇನು ನಿನಗ?" ಎಂದರು. ನಾನು ಇನ್ನೊಮ್ಮೆ ಎತ್ತಲಿಲ್ಲ. ಅವರು ಬೇಡವೆಂದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಯಿತು, ಮಜ್ಜಿಗೆ ಬಡಿಸಿದೆ.

ಆ ಮನೆ ಮುಳುಗಲು ಬಹಳ ದಿನ ಹಿಡಿಯಿತು. ಮೊದಲು ಕೊಟ್ಟಿಗೆ, ಆಮೇಲೆ ಪಡಸಾಲೆ. ಮೋನಪ್ಪಣ್ಣ ಅದರ ಎದುರಿಗೇ ತಗಡು ಹಾಕಿಕೊಂಡಿದ್ದರು. ವಾರಕ್ಕೊಮ್ಮೆ ಕಾಳಕ್ಕ ಒಲೆಯ ಕಲ್ಲುಗಳನ್ನು ಎತ್ತಿ ಒಂದು ಮೊಳ ಹಿಂದಿಡುತ್ತಿದ್ದರು.

ಹೊಸ ವರ್ಷದ ಕೆಲಸ ಶುರುವಾಯಿತು. ಆದರೆ ಊರಿನಲ್ಲಿ ಮೋನಪ್ಪಣ್ಣನಂಥ ಬಡಗಿ ಇನ್ನೊಬ್ಬನಿರಲಿಲ್ಲ. ಏಜೆಂಟ್ ಈಗ ತನ್ನದೇ ಹೆಸರಿನಲ್ಲಿ ಅವರಿಗೆ ಮೆಸೇಜು ಕಳಿಸುತ್ತಿತ್ತು. ಅವರು ಬರುತ್ತಿರಲಿಲ್ಲ. ಸಾಹೇಬರು ಆಳು ಕಳಿಸಿ ವಿಚಾರಿಸಿದರು. ಅವರು ಹೇಳಿ ಕಳಿಸಿದ್ದು ಇಷ್ಟೇ: "ಯಾರರ ಮನುಷ್ಯಾರು ಬಂದು ಬಾಯಿಲೆ ಹೇಳ್ಳಿ, ಬರ್ತೀನಿ." ಅದನ್ನು ಕೇಳಿ ಮೇಸ್ತ್ರಿಗಳು, ಗಾಡಿಯವರು ಎಲ್ಲರೂ ಹಾಗೆಯೇ ಎನ್ನತೊಡಗಿದರು. ಹಾಗಾಗಿ ಕಚೇರಿ ನನಗೆ ಹೊಸ ಕೆಲಸ ಕೊಟ್ಟಿತು. ಏಜೆಂಟ್ ಬರೆದದ್ದನ್ನು ಬೆಳಿಗ್ಗೆ ಕಾಗದದ ಮೇಲೆ ಇಳಿಸಿಕೊಂಡು ಮನೆಮನೆಗೆ ಹೋಗಿ ಓದಿ ಹೇಳುವುದು.

ಮೊದಲ ದಿನ ಮೋನಪ್ಪಣ್ಣನವರ ತಗಡಿನ ಮುಂದೆ ನಿಂತು, ಈಗಿನ ಒಂದನೆಯ ಸಾಲಿನ ಆರನೆಯ ಮನೆ, ಇಂದು ಹೆಂಚು ಮತ್ತು ಜಂತೆ ಎಂದು ಓದಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದು ಯಾರ ಮಾತ್ರಿ?" ಎಂದು ಕೇಳಿದರು.

ಏಜೆಂಟಿನದು ಎಂದೆ. ಅವರು ಒಳಗೆ ಹೋಗಿ ಮಲಗಿದರು.

ಎರಡನೆಯ ದಿನವೂ ಅದೇ ಪ್ರಶ್ನೆ. ಕಚೇರಿಯದು ಎಂದೆ. ಒಳಗೆ ಹೋದರು. ಮೂರನೆಯ ದಿನ ನಾನು ನಸುಕಿನಲ್ಲೇ ಎದ್ದು ಆ ಆರನೆಯ ಮನೆಗೆ ಹೋದೆ. ಸುತ್ತ ತಿರುಗಿ ನೋಡಿದೆ, ಹಿತ್ತಲು ನೋಡಿದೆ, ಮನೆಯವರ ಜೊತೆ ಮಾತಾಡಿದೆ, ಪಾಯ ಒಣಗಿದೆಯೇ ಎಂದು ಮೂಡಣದ ತುದಿಯವರೆಗೂ ನಡೆದು ಕಾಲಿನಿಂದ ಒದ್ದು ನೋಡಿದೆ. ಆಮೇಲೆ ನೀರಿನಂಚಿಗೆ ಬಂದೆ.

"ಇದು ಯಾರ ಮಾತ್ರಿ?"

"ನಂದು" ಎಂದೆ.

ಅವರು ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು. ಅಲ್ಲಿಂದ ದಿನವೂ ಹಾಗೆಯೇ ನಡೆಯಿತು. ನಾನು ನೋಡಿ ಬರುತ್ತಿದ್ದೆ, ಓದುತ್ತಿದ್ದೆ, ಅವರು ಕೇಳುತ್ತಿದ್ದರು, ನಾನು ನಂದು ಎನ್ನುತ್ತಿದ್ದೆ. ಕುಶಲ ಕೇಳುವುದಿಲ್ಲ, ಕಾಳಕ್ಕ ಹೊರಗೆ ಬರುವುದಿಲ್ಲ. ಎರಡು ತಿಂಗಳಿಗೆ ನನ್ನ ಮಂಡಿಗಳು ಬಾತುಕೊಂಡವು.

ಹೋದ ಗುರುವಾರ ನಾನು ಹೋಗಿ ನೋಡಿರಲಿಲ್ಲ. ಕಾರಣ ದೊಡ್ಡದೇನೂ ಇಲ್ಲ, ಎದ್ದಾಗ ಹೊತ್ತಾಗಿತ್ತು. ಕಾಗದದಲ್ಲಿ ಹತ್ತೊಂಬತ್ತನೆಯ ಮನೆ ಎಂದಿತ್ತು. ಏಜೆಂಟ್ ಎರಡು ತಿಂಗಳಿಂದ ಒಂದೂ ತಪ್ಪಿರಲಿಲ್ಲ. ಓದಿದೆ. ಅವರು ಕೇಳಿದರು.

"ನಂದು" ಎಂದೆ.

ಮೋನಪ್ಪಣ್ಣ ನನ್ನ ಮುಖ ನೋಡಿದರು. ಚೀಲ ಎತ್ತಿಕೊಂಡು ಎಂದಿನ ದಾರಿಯಲ್ಲಿ ಹೊರಟರು. ಅವರು ತಿರುವು ದಾಟಿದ ಕೂಡಲೇ ನಾನು ಸೀರೆ ಎತ್ತಿ ಹಿಡಿದುಕೊಂಡು ಸಂದಿಗಳಲ್ಲಿ ಓಡಿದೆ, ಅವರಿಗಿಂತ ಮೊದಲು ಆ ಮನೆ ತಲುಪಬೇಕೆಂದು. ತಲುಪಿದೆ. ಸುತ್ತ ನೋಡಿದೆ. ಮನೆ ಸರಿಯಾಗಿಯೇ ಇತ್ತು. ಮನೆಯಾಕೆ ಪಾತ್ರೆ ಪಗಡೆ ಹಾಸಿಗೆಯೆಲ್ಲ ಬೀದಿಗೆ ತಂದಿಟ್ಟುಕೊಂಡು ಕಾಯುತ್ತಿದ್ದಳು. ನಾನು ಗೋಡೆ ಹಿಡಿದುಕೊಂಡು ಏದುಸಿರು ಬಿಡುತ್ತಿರುವಾಗ ಮೋನಪ್ಪಣ್ಣ ಬಂದರು. ನನ್ನನ್ನೂ, ಕೆದರಿದ ಕೂದಲನ್ನೂ, ಕೆಸರಾದ ಕಾಲನ್ನೂ ನೋಡಿದರು.

"ಇವತ್ತ ನೀವು ಮೊದ್ಲ ನೋಡಿದ್ದಿಲ್ಲ" ಎಂದರು.

ನಾನು ಹೌದೆಂದು ತಲೆಯಾಡಿಸಿದೆ. "ಈಗ ನೋಡೇನಿ ಮೋನಪ್ಪಣ್ಣ. ಎಲ್ಲಾ ಸರಿ ಐತಿ."

"ಹೌದ್ರಿ, ಸರಿ ಐತಿ" ಎಂದರು ಅವರು, ಮನೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ. ಆಮೇಲೆ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಹೋದರು.

"ಅಯ್ಯ, ಹೊಂಟ್ರಲ್ಲ!" ಎಂದಳು ಮನೆಯಾಕೆ. "ಗಾಡಿ ಹತ್ತಕ್ಕ ಬರ್ತೈತಿ ಅಂದೀರಿ. ಹೆಂಚು ಯಾರು ಇಳಸ್ತಾರ? ನೀವ ಹೇಳಿ ಕರಸಿದ್ದಲ್ಲೇನು? ಹೇಳ್ರಿ, ಯಾರು ಇಳಸ್ತಾರ?"

ಏಣಿ ಸೂರಿಗೆ ಒರಗಿಕೊಂಡಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಹತ್ತೊಂಬತ್ತು ವರ್ಷದಲ್ಲಿ ಯಾವ ಮನೆಯ ಮೇಲೂ ಹತ್ತಿದವಳಲ್ಲ. ಮೊದಲ ಹೆಂಚು ಕೈ ಜಾರಿ ಅಂಗಳಕ್ಕೆ ಬಿದ್ದು ಒಡೆಯಿತು. ಕೆಳಗಿನಿಂದ ಆಕೆ ಬೈಯುತ್ತಲೇ ಇದ್ದಳು. ನಾನು ಎರಡನೆಯದಕ್ಕೆ ಕೈ ಹಾಕಿದೆ.